ಡಿಗ್ರಿ ಇದೆ, ಆದರೂ ಇಂಗ್ಲಿಷ್ ಕಿವಿಗೆ ಬೀಳುತ್ತಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಅಡಲ್ಟ್ ಸ್ಕೂಲ್ ಸೇರುವವರಿಗೆ

"ನಾನು ಬಿಎಸ್‌ಸಿ ಮಾಡಿದ್ದೇನೆ, ನನಗೂ ಇಎಸ್‌ಎಲ್ ಕ್ಲಾಸ್ ಬೇಕಾ?"

"ಅಮ್ಮ ಆರು ತಿಂಗಳಿಗೆ ಬಂದಿದ್ದಾರೆ. ಸುಮ್ನೆ ಮನೆಯಲ್ಲಿ ಕೂತಿರೋ ಬದಲು ಸೇರಿಸಬಹುದಾ?"

"ಫೀಸ್ ಎಷ್ಟು? ಎಕ್ಸಾಮ್ ಇದೆಯಾ? ಫೇಲ್ ಆದರೆ ಏನು ಮಾಡ್ತಾರೆ?"

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಯುಗಾದಿ ಊಟಕ್ಕೆ ಹೋದರೂ ಇದೇ ಪ್ರಶ್ನೆ, ಮಕ್ಕಳ ಕನ್ನಡ ಕ್ಲಾಸಿನ ಹೊರಗೆ ಕಾಯುತ್ತ ನಿಂತರೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನೂ ಎಚ್-4, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ ವೀಸಾದಲ್ಲಿ ಬಂದು ಈ ಬೆಂಚುಗಳ ಮೇಲೆ ಕೂತು ಕಲಿತವಳೇ. ಈಗ ಸೆಮಿಸ್ಟರ್ ಶುರುವಾಗುವ ವಾರ ನೋಂದಣಿ ಟೇಬಲ್ ಹತ್ತಿರ ನಿಂತು ಹೊಸಬರಿಗೆ ಫಾರಂ ತುಂಬಿಸಿಕೊಡುತ್ತೇನೆ. ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಲೆಕ್ಕ. ಬೇರೆ ರಾಜ್ಯದಲ್ಲಿರುವವರು ಹೆಸರು, ಫೀಸು, ದಿನಾಂಕ ಅಲ್ಲಿಯದನ್ನೇ ವಿಚಾರಿಸಿಕೊಳ್ಳಿ.

ಮೊದಲು ಎರಡು ಪದ. ಇಎಸ್‌ಎಲ್ ಅಂದರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಕಲಿಸುವ ಇಂಗ್ಲಿಷ್. ಅಡಲ್ಟ್ ಸ್ಕೂಲ್ ಅಂದರೆ 18 ವರ್ಷ ದಾಟಿದವರಿಗಾಗಿ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ ನಡೆಸುವ ಶಾಲೆ. ಇದು ಇಲ್ಲಿ ಹೊಸದೇನೂ ಅಲ್ಲ. 1856ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಮೇರೀಸ್ ಚರ್ಚಿನ ನೆಲಮಾಳಿಗೆಯಲ್ಲಿ ವಲಸೆ ಬಂದವರಿಗೆ ಸಂಜೆ ತರಗತಿ ನಡೆಯುತ್ತಿತ್ತು. ಹಾಗಾಗಿ "ನಾವು ಹೋದರೆ ಏನಂದುಕೊಳ್ಳುತ್ತಾರೋ" ಅಂತ ಸಂಕೋಚ ಪಡಬೇಡಿ. ನಮ್ಮಂಥವರಿಗಾಗಿಯೇ ಹುಟ್ಟಿದ ಶಾಲೆ ಇದು.

ಇನ್ನು ಬಿಎಸ್‌ಸಿ ಪ್ರಶ್ನೆ. ಡಿಗ್ರಿ ಇದ್ದರೂ ಕ್ಲಾಸ್ ಬೇಕಾಗಬಹುದು. ನಾವು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. ಗೈಡ್ ಓದಿದೆವು, ನೋಟ್ಸ್ ಬರೆದೆವು, ಪರೀಕ್ಷೆ ಪಾಸು ಮಾಡಿದೆವು. ಫಾರ್ಮಸಿಯ ಹುಡುಗ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದನ್ನು ಹಿಡಿಯುವ ಕಿವಿ ಬೇರೆ. ಅದನ್ನು ನಮಗೆ ಯಾರೂ ಕಲಿಸಿಲ್ಲ. ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ: ನಿಮ್ಮ ಡಿಗ್ರಿ ಇರುವ ಕ್ಲಾಸಿನಲ್ಲಿ ಕೂರಬೇಡಿ, ನಿಮ್ಮ ಕಿವಿ ಇರುವ ಕ್ಲಾಸಿನಲ್ಲಿ ಕೂತ್ಕೊಳ್ಳಿ.

1. ವೀಸಾ ಯಾವುದು ಅಂತ ನೋಡಿಕೊಳ್ಳಿ

ಎಚ್-4, ಎಲ್-2 (ಕಂಪನಿಯೇ ವರ್ಗ ಮಾಡಿ ಕಳಿಸಿದವರ ಕುಟುಂಬದ ವೀಸಾ), ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ದರೆ ಧೈರ್ಯವಾಗಿ ಸೇರಿ. ಎಚ್-4ನವರಿಗೆ ಕೆಲಸ ಮಾಡಲು ಪರ್ಮಿಟ್ ಬೇಕು, ಓದಲು ಬೇಡ. ಈ ಎರಡನ್ನೂ ಒಂದೇ ಅಂದುಕೊಂಡು ಮೂರು ನಾಲ್ಕು ವರ್ಷ ಮನೆಯಲ್ಲೇ ಕಳೆದವರನ್ನು ನೋಡಿದ್ದೇನೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಅಂತಲೂ ಹಿಂಜರಿಯಬೇಡಿ. ಕೆಲಸದ ಪರ್ಮಿಟ್ ಇಲ್ಲದ ಎಚ್-4ನವರಿಗೆ ಅದು ಇರುವುದಿಲ್ಲ ಅನ್ನುವುದು ಶಾಲೆಯವರಿಗೂ ಗೊತ್ತು.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಇಲ್ಲಿಗೆ ಬರುವಂತಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ವಯಸ್ಕರ ಶಾಲೆಯಲ್ಲಿ ಎಫ್-1ನವರು ಓದಬಾರದು ಅಂತ 1996ರಿಂದ ಕಾನೂನೇ ಇದೆ. ಎಫ್-2ನವರು, ಅಂದರೆ ಎಫ್-1ನವರ ಸಂಗಾತಿಯಾಗಿ ಬಂದವರು, ಸಂಗಾತಿಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಅಪ್ಪ ಅಮ್ಮ ಬರುವುದು ಸಾಮಾನ್ಯವಾಗಿ ಬಿ-2, ಅಂದರೆ ವಿಸಿಟರ್ ವೀಸಾದಲ್ಲಿ. ಆ ವೀಸಾದಲ್ಲಿ ಕೋರ್ಸಿಗೆ ಸೇರುವಂತಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಅಡಲ್ಟ್ ಸ್ಕೂಲಿನ ಫಾರಂನಲ್ಲಿ ಸಾಮಾನ್ಯವಾಗಿ ವೀಸಾ ಯಾವುದು ಅಂತ ಕೇಳುವುದಿಲ್ಲ. "ಅವರೇ ಕೇಳಲಿಲ್ಲ, ಇನ್ನೇನು" ಅಂತ ಸೇರಿಸಿಬಿಡುತ್ತಾರೆ. ಕೇಳದೇ ಇರುವುದು ಶಾಲೆಯ ಪದ್ಧತಿ. ನಿಯಮ ಮುರಿದರೆ ಮುಂದಿನ ಸಲ ವೀಸಾ ಕೌಂಟರಿನಲ್ಲಿ ಉತ್ತರ ಕೊಡಬೇಕಾದವರು ಅಮ್ಮ. ಅವರಿಗೆ ಲೈಬ್ರರಿಯ ದಾರಿ ಇದೆ, ಮುಂದೆ ಹೇಳುತ್ತೇನೆ.

2. ಎಲ್ಲಿ ಸೇರಬೇಕು?

ಮೊದಲನೆಯದು ಅಡಲ್ಟ್ ಸ್ಕೂಲ್. ಸನ್ನಿವೇಲ್, ಸ್ಯಾಂಟಾ ಕ್ಲಾರಾ, ಫ್ರೀಮಾಂಟ್, ಮಿಲ್ಪಿಟಾಸ್ ಹೀಗೆ ನಮ್ಮವರು ಜಾಸ್ತಿ ಇರುವ ಊರುಗಳಲ್ಲೆಲ್ಲ ಇದೆ. ಇಎಸ್‌ಎಲ್‌ಗೆ ಫೀಸು ಇರುವುದಿಲ್ಲ, ಇದ್ದರೂ ಅಲ್ಪಸ್ವಲ್ಪ. ಪುಸ್ತಕದ ದುಡ್ಡು ಕೆಲವು ಕಡೆ ನಾವೇ ಕೊಡಬೇಕು. ಬೆಳಗಿನ ಕ್ಲಾಸು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವವರಿಗೆ, ಸಂಜೆಯದು ಕೆಲಸ ಮಾಡುವವರಿಗೆ ಅನುಕೂಲ.

ಎರಡನೆಯದು ಕಮ್ಯುನಿಟಿ ಕಾಲೇಜಿನ ನಾನ್‌ಕ್ರೆಡಿಟ್ ಇಎಸ್‌ಎಲ್. ನಾನ್‌ಕ್ರೆಡಿಟ್ ಅಂದರೆ ಡಿಗ್ರಿಗೆ ಲೆಕ್ಕಕ್ಕೆ ಬಾರದ, ಫೀಸಿಲ್ಲದ ಕ್ಲಾಸು. ಅದೇ ಕಾಲೇಜಿನಲ್ಲಿ ಕ್ರೆಡಿಟ್ ಇಎಸ್‌ಎಲ್ ಅಂತಲೂ ಒಂದಿರುತ್ತದೆ. ಅದಕ್ಕೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ಪ್ರಬಂಧ ಬರೆಯಬೇಕು. ವೆಬ್‌ಸೈಟಿನಲ್ಲಿ ಎರಡೂ ಅಕ್ಕಪಕ್ಕ ಇರುವುದರಿಂದ ತಪ್ಪು ಬಟನ್ ಒತ್ತಿ ಬಿಲ್ ಬಂದ ಮೇಲೆ ಗಾಬರಿಯಾಗುತ್ತಾರೆ. ಮುಂದೆ ಇಲ್ಲೇ ಡಿಗ್ರಿ ಮಾಡುವ ಯೋಚನೆ ಇದ್ದರೆ ಮಾತ್ರ ಕ್ರೆಡಿಟ್ ಕಡೆ ನೋಡಿ.

ಮೂರನೆಯದು ಸಾರ್ವಜನಿಕ ಲೈಬ್ರರಿ. ಬಹಳಷ್ಟು ಲೈಬ್ರರಿಗಳಲ್ಲಿ ವಾರಕ್ಕೊಮ್ಮೆ ಇಂಗ್ಲಿಷ್ ಕಾನ್ವರ್ಸೇಷನ್ ಕ್ಲಬ್ ನಡೆಯುತ್ತದೆ. ಹಾಜರಿ ಇಲ್ಲ, ಪರೀಕ್ಷೆ ಇಲ್ಲ, ದುಡ್ಡಿಲ್ಲ. ಮೇಜಿನ ಸುತ್ತ ಕೂತು ಮಾತಾಡುವುದು, ಅಷ್ಟೆ. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೆ ಹೇಳಿ ಮಾಡಿಸಿದ ಜಾಗ ಇದು. ನಮ್ಮ ಮನೆ ಹತ್ತಿರದ ಕ್ಲಬ್ಬಿಗೆ ಬರುತ್ತಿದ್ದ ಹಾಸನ ಕಡೆಯ ಅಜ್ಜಿಯೊಬ್ಬರು ಮೊದಲ ದಿನ ಕಲಿತದ್ದು ಒಂದೇ ವಾಕ್ಯ: "ಐ ಆ್ಯಮ್ ಫೈನ್, ಹೌ ಅಬೌಟ್ ಯು?" ಮಾರನೇ ದಿನದಿಂದ ವಾಕಿಂಗಿನಲ್ಲಿ ಎದುರಾದವರಿಗೆಲ್ಲ ಅದನ್ನೇ ಹೇಳುತ್ತಿದ್ದರು, ಅವರು ಹೇಗಿದ್ದೀರಿ ಅಂತ ಕೇಳಿರಲಿ ಬಿಡಲಿ.

ಸಾವಿರಾರು ಡಾಲರ್ ತಗೊಂಡು "ಮೂರು ತಿಂಗಳಲ್ಲಿ ಅಮೆರಿಕನ್ ಆಕ್ಸೆಂಟ್" ಕೊಡಿಸುತ್ತೇವೆ ಅನ್ನುವ ಆನ್‌ಲೈನ್ ಕೋರ್ಸುಗಳ ಬಗ್ಗೆಯೂ ಕೇಳುತ್ತೀರಿ. ಪುಕ್ಕಟೆ ಕ್ಲಾಸಿನಲ್ಲಿ ಒಂದು ವರ್ಷ ಕೂತು, ಆಮೇಲೂ ಬೇಕು ಅನಿಸಿದರೆ ಯೋಚನೆ ಮಾಡಿ.

3. ನೋಂದಣಿ: ಹೆಸರಿನಿಂದಲೇ ಶುರುವಾಗುವ ತಕರಾರು

ಹೆಚ್ಚಿನ ಕಡೆ ಆಗಸ್ಟ್‌ನಲ್ಲಿ ಒಂದು ಬ್ಯಾಚು, ಜನವರಿಯಲ್ಲಿ ಇನ್ನೊಂದು. ನೋಂದಣಿ ಕೆಲವು ವಾರ ಮುಂಚೆಯೇ ತೆರೆಯುತ್ತದೆ, ಬೆಳಗಿನ ಕ್ಲಾಸು ಬೇಗ ತುಂಬುತ್ತದೆ. ತುಂಬಿದೆ ಅಂದರೆ ವೇಟಿಂಗ್ ಲಿಸ್ಟಿಗೆ ಹೆಸರು ಕೊಟ್ಟು ಮನೆಗೆ ಬಂದು ಮರೆತುಬಿಡಬೇಡಿ. ಮೊದಲ ಎರಡು ವಾರದಲ್ಲಿ ಒಂದಷ್ಟು ಜನ ಬಿಟ್ಟುಹೋಗುತ್ತಾರೆ. ಆಗ ಫೋನ್ ಮಾಡಿ ಕೇಳಿದವರಿಗೆ ಸೀಟು ಸಿಗುತ್ತದೆ. ಆ ಫೋನನ್ನು ಗಂಡನ ಕೈಲಿ ಮಾಡಿಸಬೇಡಿ, ನೀವೇ ಮಾಡಿ. ತಡವರಿಸಿದರೂ ಪರವಾಗಿಲ್ಲ. ಇಎಸ್‌ಎಲ್ ಆಫೀಸಿನವರಷ್ಟು ತಾಳ್ಮೆಯಿಂದ ಈ ದೇಶದಲ್ಲಿ ಬೇರೆ ಯಾರೂ ನಿಮ್ಮ ಫೋನ್ ಕೇಳಿಸಿಕೊಳ್ಳುವುದಿಲ್ಲ.

ಜೊತೆಗೆ ತರಬೇಕಾದದ್ದು ಕಡಿಮೆ: ಫೋಟೋ ಇರುವ ಒಂದು ಗುರುತಿನ ಚೀಟಿ, ವಿಳಾಸ, ಫೋನ್ ನಂಬರು, ಇಮೇಲ್. ಓದುವ ಕನ್ನಡಕವನ್ನು ಮರೆಯಬೇಡಿ, ಅವತ್ತೇ ಪರೀಕ್ಷೆ ಇರಬಹುದು.

ಫಾರಂನಲ್ಲಿ ನಮ್ಮವರು ಎಡವುವುದು ಹೀಗೆ.

ಲಾಸ್ಟ್ ನೇಮ್ ಅಂದರೆ ಮನೆತನದ ಹೆಸರು, ಫಸ್ಟ್ ನೇಮ್ ಅಂದರೆ ಇಟ್ಟ ಹೆಸರು. ನಮ್ಮಲ್ಲಿ ಊರು, ಅಪ್ಪನ ಹೆಸರು ಎರಡೂ ಇನಿಷಿಯಲ್‌ನಲ್ಲಿ ಅಡಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದು "ಲಕ್ಷ್ಮೀದೇವಮ್ಮ" ಅಂತ ಒಂದೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಅದೇ ಲಾಸ್ಟ್ ನೇಮ್ ಆಗಿ, ಫಸ್ಟ್ ನೇಮ್ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬಂದಿರುತ್ತದೆ. ಫಸ್ಟ್ ನೇಮ್ ಅನ್‌ನೋನ್ ಅನ್ನುವುದರ ಚುಟುಕು ಅದು. ಅದನ್ನು ನೋಡಿದ ಟೀಚರ್ ಹಾಜರಿ ಕೂಗುವಾಗ "ಫ್ನೂ?" ಅಂತ ಕೂಗಿದ್ದೂ ಇದೆ. ದಾಖಲೆಯಲ್ಲಿ ಇರುವ ಹಾಗೇ ಬರೆಯಿರಿ. ಕರೆಯುವ ಹೆಸರು ಬೇರೆ ಇದ್ದರೆ ಮೊದಲ ದಿನವೇ ಟೀಚರಿಗೆ ಹೇಳಿ. ಎಲ್ಲ ಫಾರಂಗಳಲ್ಲೂ ಹೆಸರು ಒಂದೇ ಥರ ಇರಲಿ. ಇಲ್ಲದಿದ್ದರೆ ಪರೀಕ್ಷೆಯ ಅಂಕ ಒಬ್ಬರ ಹೆಸರಿಗೆ, ಹಾಜರಿ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಇಬ್ಬರೂ ನೀವೇ ಆಗಿರುತ್ತೀರಿ.

ದಿನಾಂಕ ಬರೆಯುವಾಗ ತಿಂಗಳು ಮೊದಲು. 1968ರ ಜೂನ್ 5 ಅಂದರೆ 06/05/1968. ತಾರೀಖು 13ಕ್ಕಿಂತ ಕಡಿಮೆ ಇದ್ದವರ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಅವರೇ ಜಾಸ್ತಿ ಹುಷಾರಾಗಿರಬೇಕು. ಪಿನ್ ಕೋಡ್ ಇಲ್ಲಿ ಜಿಪ್ ಕೋಡ್, ಐದು ಅಂಕಿ.

"ಎಲ್ಲಿಯವರೆಗೆ ಓದಿದ್ದೀರಿ" ಅನ್ನುವ ಪ್ರಶ್ನೆಗೆ ನಿಜ ಹೇಳಿ. ಎಸ್‌ಎಸ್‌ಎಲ್‌ಸಿ ಅಂದರೆ 10ನೇ ಗ್ರೇಡು, ಪಿಯುಸಿ ಅಂದರೆ 12. ಇದರಿಂದ ನಿಮ್ಮ ಕ್ಲಾಸು ಮೇಲೆ ಕೆಳಗೆ ಆಗುವುದಿಲ್ಲ.

4. ಲೆವೆಲ್ ಪರೀಕ್ಷೆ

ಇದಕ್ಕೆ ಹೆದರಿ ನೋಂದಣಿಗೇ ಬರದವರಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಫೇಲ್ ಅನ್ನುವುದೇ ಇಲ್ಲ. ಯಾವ ಕೋಣೆಯಲ್ಲಿ ಕೂರಿಸಬೇಕು ಅಂತ ನೋಡಲು ಮಾತ್ರ.

ಕ್ಯಾಲಿಫೋರ್ನಿಯಾದ ಅಡಲ್ಟ್ ಸ್ಕೂಲುಗಳಲ್ಲಿ ನಡೆಸುವ ಪರೀಕ್ಷೆಗೆ ಕ್ಯಾಸಾಸ್ ಅಂತ ಹೆಸರು. ಸ್ಯಾನ್ ಡಿಯೇಗೋದ ಒಂದು ಸಂಸ್ಥೆ ಸಿದ್ಧಪಡಿಸುವುದು. ಸರಿ ಉತ್ತರ ಆರಿಸುವ ಮಾದರಿ. ಒಂದು ಭಾಗ ಓದುವುದು, ಇನ್ನೊಂದು ಕೇಳುವುದು. ಪಠ್ಯವೆಲ್ಲ ದಿನಬಳಕೆಯದು: ಔಷಧಿ ಡಬ್ಬಿಯ ಲೇಬಲ್, ಬಸ್ಸಿನ ವೇಳಾಪಟ್ಟಿ, ಬಾಡಿಗೆ ಜಾಹೀರಾತು, ಕೆಲಸದ ಜಾಗದ ನೋಟಿಸು. ಕೆಲವು ಶಾಲೆಗಳಲ್ಲಿ ಇದರ ಜೊತೆ ಟೀಚರ್ ಐದು ನಿಮಿಷ ಮಾತಾಡಿಸುತ್ತಾರೆ, ನಾಲ್ಕು ಸಾಲು ಬರೆಸುತ್ತಾರೆ.

ಅಂಕದ ಪ್ರಕಾರ ಆರು ಹಂತ: ಅಕ್ಷರವೇ ಹೊಸದಾದವರಿಗೆ ಬಿಗಿನಿಂಗ್ ಲಿಟರಸಿ, ಆಮೇಲೆ ಲೋ ಬಿಗಿನಿಂಗ್, ಹೈ ಬಿಗಿನಿಂಗ್, ಲೋ ಇಂಟರ್‌ಮೀಡಿಯೆಟ್, ಹೈ ಇಂಟರ್‌ಮೀಡಿಯೆಟ್, ಕೊನೆಗೆ ಅಡ್ವಾನ್ಸ್‌ಡ್. ಶಾಲೆಯಿಂದ ಶಾಲೆಗೆ ಹೆಸರು ಸ್ವಲ್ಪ ಬದಲಾಗುತ್ತದೆ.

ಈಗ ಮುಖ್ಯ ವಿಷಯ. ನಮ್ಮವರ ಫಲಿತಾಂಶ ಬಂದಾಗ ನಾನು ನೋಡುವುದು ಹೆಚ್ಚುಕಮ್ಮಿ ಒಂದೇ ಚಿತ್ರ. ಓದುವುದರಲ್ಲಿ ಹೈ ಇಂಟರ್‌ಮೀಡಿಯೆಟ್ ಅಥವಾ ಅಡ್ವಾನ್ಸ್‌ಡ್, ಕೇಳುವುದರಲ್ಲಿ ಒಂದೆರಡು ಮೆಟ್ಟಿಲು ಕೆಳಗೆ. ಮೆಕ್ಸಿಕೋದಿಂದ ಬಂದು ಹೋಟೆಲಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರದು ಎಷ್ಟೋ ಸಲ ತಿರುಗಾ ಮುರುಗಾ: ಕಿವಿ ಚುರುಕು, ಓದು ಕಷ್ಟ. ಶಾಲೆಯವರು ಮೇಲಿನ ಕ್ಲಾಸೋ ಕೆಳಗಿನದೋ ಅಂತ ನಿಮ್ಮನ್ನೇ ಕೇಳಿದರೆ ಕೆಳಗಿನದನ್ನೇ ಆರಿಸಿ. ಕಣ್ಣು ಮುಂದಿದೆ ಅಂತ ಮೇಲಿನ ಕ್ಲಾಸಿಗೆ ಹೋದರೆ ಏನಾಗುತ್ತದೆ ಗೊತ್ತಾ? ವರ್ಕ್‌ಶೀಟ್ ಎಲ್ಲ ಸರಿ ತುಂಬುತ್ತೀರಿ, ಗ್ರಾಮರಿನಲ್ಲಿ ನೂರಕ್ಕೆ ನೂರು. ಗುಂಪಿನಲ್ಲಿ ಮಾತು ಶುರುವಾದರೆ ಬಾಯಿ ಕಟ್ಟುತ್ತದೆ. ಮೂರನೇ ವಾರಕ್ಕೆ ತಲೆನೋವು, ಐದನೇ ವಾರಕ್ಕೆ ನೆಂಟರು, ಆಮೇಲೆ ಕ್ಲಾಸೇ ಇಲ್ಲ. ಕೆಳಗಿನ ಕ್ಲಾಸು ತೀರಾ ಸುಲಭ ಅನಿಸಿದರೆ ಎರಡು ವಾರದ ಮೇಲೆ ಟೀಚರಿಗೆ ಹೇಳಿ, ಅವರೇ ಮೇಲಕ್ಕೆ ಕಳಿಸುತ್ತಾರೆ. ಕೆಳಕ್ಕೆ ಇಳಿಯಲು ಕೇಳಿದವರನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ, ಬಿಟ್ಟೇಹೋಗುತ್ತಾರೆ.

ಪರೀಕ್ಷೆಗೆ ಮುಂಚೆ ಇಷ್ಟು ಗಮನದಲ್ಲಿರಲಿ. ಕೇಳುವ ಭಾಗದಲ್ಲಿ ಒಂದು ಪ್ರಶ್ನೆ ಕೈತಪ್ಪಿದರೆ ಅದರ ಹಿಂದೆ ಬೀಳಬೇಡಿ, ಮುಂದಿನದೂ ತಪ್ಪಿಹೋಗುತ್ತದೆ. ಪಕ್ಕದವರನ್ನು ಕೇಳಿ ಬರೆಯಬೇಡಿ. ಶಿಸ್ತಿನ ಮಾತು ಹಾಗಿರಲಿ, ಅವರ ಲೆವೆಲ್ ನಿಮಗೆ ಸಿಕ್ಕಿ ಆರು ತಿಂಗಳು ಒದ್ದಾಡುವವರು ನೀವೇ. ಗೂಗಲ್ ಹುಡುಕಿ ಮಾದರಿ ಪ್ರಶ್ನೆ ಉರು ಹೊಡೆಯುವುದೂ ಇಲ್ಲಿ ದಂಡ.

5. ಮೊದಲ ಎರಡು ವಾರ

ಹಾಜರಿಯನ್ನು ಹಗುರವಾಗಿ ತಗೋಬೇಡಿ. 12 ಗಂಟೆ ಕೂತ ಮೇಲಷ್ಟೇ ನೀವು ಸರ್ಕಾರದ ಲೆಕ್ಕದಲ್ಲಿ ವಿದ್ಯಾರ್ಥಿ. ಶಾಲೆಗೆ ಬರುವ ಫೆಡರಲ್ ಹಣ ವಿದ್ಯಾರ್ಥಿಗಳು ಎಷ್ಟು ಮುಂದುವರಿದರು ಅನ್ನುವುದರ ಮೇಲೆ ನಿಂತಿದೆ. ಪುಕ್ಕಟೆ ಕ್ಲಾಸು ಅಂತ ಬೇಕಾದಾಗ ಬಂದುಹೋದರೆ ಸೀಟು ವೇಟಿಂಗ್ ಲಿಸ್ಟಿನವರಿಗೆ ಹೋಗುತ್ತದೆ. ಬರಲು ಆಗದ ದಿನ ಒಂದು ಮೆಸೇಜು ಹಾಕಿ. ಆ ಮೆಸೇಜೂ ಇಂಗ್ಲಿಷ್ ಅಭ್ಯಾಸವೇ, ಅಲ್ವಾ?

ಕನ್ನಡದವರ ಪಕ್ಕ ಕೂರಬೇಡಿ. ತೆಲುಗು, ಹಿಂದಿಯವರ ಪಕ್ಕವೂ ಬೇಡ. ಇದು ಹೇಳಲು ಸುಲಭ, ಮಾಡಲು ಕಷ್ಟ. ಹೊಸ ಜಾಗದಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಕಾಲು ತಾನಾಗೇ ಆ ಕಡೆ ಹೋಗುತ್ತದೆ. ಬ್ರೇಕಿನಲ್ಲಿ ಬೇಕಾದಷ್ಟು ಹರಟೆ ಹೊಡೆಯಿರಿ. ಕ್ಲಾಸಿನಲ್ಲಿ ಮಾತ್ರ ಚೀನಾದವರೋ, ಇರಾನಿನವರೋ, ವಿಯೆಟ್ನಾಮಿನವರೋ ಇರುವ ಮೇಜು ಹುಡುಕಿ. ಫ್ರೀಮಾಂಟಿನಲ್ಲಾದರೆ ಅಫ್ಘಾನಿಸ್ತಾನದವರು ತುಂಬಾ ಜನ ಸಿಗುತ್ತಾರೆ. ನಿಮಗೂ ಅವರಿಗೂ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ. ಅನ್ನ ಮಾಡುವ ಬಗ್ಗೆ ಮಾತು ಶುರುವಾದರೆ ವ್ಯಾಕರಣ ಎಲ್ಲೋ ಹೋಗಿ ಬಾಯಿ ತಾನೇ ಬಿಡುತ್ತದೆ.

ಟೀಚರನ್ನು ಹೆಸರು ಹಿಡಿದು ಕರೆಯಬೇಕು ಅನ್ನುವುದು ನಮಗೆ ಗಂಟಲಲ್ಲೇ ನಿಲ್ಲುತ್ತದೆ. ಅವರಿಗೆ ಅದರಲ್ಲಿ ಅಗೌರವ ಏನೂ ಕಾಣುವುದಿಲ್ಲ. ಆಗದಿದ್ದರೆ "ಟೀಚರ್" ಅನ್ನಿ. ಅರ್ಧ ಕ್ಲಾಸು ಹಾಗೇ ಕರೆಯುತ್ತದೆ. "ಮೇಡಂ" ಬೇಡ. ಇಲ್ಲಿ ಅದು ಪೊಲೀಸರು, ಅಂಗಡಿಯವರು ಅಪರಿಚಿತರಿಗೆ ಹೇಳುವ "ಮ್ಯಾಮ್"ನ ಹತ್ತಿರ ಹೋಗುತ್ತದೆ.

ಪಾಠದಲ್ಲಿ ಇಎಲ್ ಸಿವಿಕ್ಸ್ ಅನ್ನುವ ಭಾಗ ಬಂದರೆ ತಪ್ಪಿಸಿಕೊಳ್ಳಬೇಡಿ. ಭಾಷೆಯ ಜೊತೆ ಈ ಊರಿನಲ್ಲಿ ಬದುಕುವ ರೀತಿ ಕಲಿಸುವ ಪಾಠ ಅದು: ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ ವಿಳಾಸ ಹೇಳುವುದು, ಡಾಕ್ಟರಿಗೆ ನೋವು ವಿವರಿಸುವುದು, ಮಗುವಿನ ಟೀಚರ್ ಜೊತೆ ಮಾತಾಡುವುದು. "ಹೊಟ್ಟೆ ಉರಿ", "ಹೊಟ್ಟೆ ತೊಳಸು", "ಹೊಟ್ಟೆ ಹಿಡ್ಕೊಳ್ಳೋದು" ಮೂರಕ್ಕೂ "ಸ್ಟಮಕ್ ಪೇನ್" ಅಂದರೆ ಡಾಕ್ಟರ್ ಏನು ಮಾಡಬೇಕು?

6. ಕನ್ನಡದ ನಾಲಿಗೆ ಎಲ್ಲೆಲ್ಲಿ ತೊಡರುತ್ತದೆ

ಇದನ್ನು ಟೀಚರ್ ನಿಮಗೆ ಹೇಳಲಾರರು. ಇಪ್ಪತ್ತು ಭಾಷೆಯವರು ಇರುವ ಕ್ಲಾಸಿನಲ್ಲಿ ಕನ್ನಡದ ಗುಟ್ಟು ಅವರಿಗೆ ಹೇಗೆ ಗೊತ್ತಿರುತ್ತದೆ? ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

*ಉಸಿರು.* ಇಂಗ್ಲಿಷಿನ "ಪೆನ್", "ಟೀ", "ಕಾಫಿ" ಪದಗಳ ಮೊದಲ ಅಕ್ಷರದ ಜೊತೆ ಉಸಿರು ಹೊರಗೆ ಬರಬೇಕು, ನಮ್ಮ ಮಹಾಪ್ರಾಣದ ಹಾಗೆ. ನಾವು ಅಲ್ಪಪ್ರಾಣದಲ್ಲಿ ಹೇಳುತ್ತೇವೆ. ಇಲ್ಲಿಯವರ ಕಿವಿಗೆ "ಪೆನ್" ಅನ್ನುವುದು "ಬೆನ್" ಅಂತ, "ಪ್ಯಾಕ್" ಅನ್ನುವುದು "ಬ್ಯಾಕ್" ಅಂತ ಕೇಳಿಸುತ್ತದೆ. ಟಿಶ್ಯೂ ಪೇಪರಿನ ಒಂದು ಪಟ್ಟಿ ಬಾಯಿಯ ಮುಂದೆ ಹಿಡಿದು "ಪೆನ್" ಅನ್ನಿ. ಪಟ್ಟಿ ಹಾರಿದರೆ ಸರಿ, ಅಲ್ಲಾಡದಿದ್ದರೆ ಇನ್ನೊಮ್ಮೆ.

*ಕೊನೆಯ "ಉ".* ಬಸ್ಸು, ಕಾರು, ರೋಡು. ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕು ಅಂತ ನಾಲಿಗೆ ಹಟ ಹಿಡಿಯುತ್ತದೆ. "ಐ ವಾಂಟು ಬ್ರೆಡ್ಡು" ಅಂತ ಬರುವುದು ಅದಕ್ಕೇ. ಪದ ಮುಗಿದ ತಕ್ಷಣ ಬಾಯಿ ನಿಲ್ಲಿಸಿ.

*ಮೊದಲ "ಯ" ಮತ್ತು "ವ".* "ಎಗ್" ಅನ್ನುವುದು "ಯೆಗ್" ಆಗುತ್ತದೆ, "ಓನ್ಲಿ" ಅನ್ನುವುದು "ವೋನ್ಲಿ". "ಇಯರ್" ಅಂದರೆ ಕಿವಿ, "ಯಿಯರ್" ಅಂದರೆ ವರ್ಷ, ನಮ್ಮ ಬಾಯಲ್ಲಿ ಎರಡೂ ಒಂದೇ.

*ವಿ ಮತ್ತು ಡಬ್ಲ್ಯೂ.* ಕನ್ನಡದಲ್ಲಿ ಒಂದೇ "ವ". ಇಂಗ್ಲಿಷಿನ "ವಿ"ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. "ಡಬ್ಲ್ಯೂ"ಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಕನ್ನಡಿ ಮುಂದೆ "ವೆಸ್ಟ್" ಮತ್ತು "ವೆಸ್ಟ್" ಹೇಳಿ ನೋಡಿ, ಒಂದು ಅಂಗಿಯ ಮೇಲೆ ಹಾಕುವ ತೋಳಿಲ್ಲದ ಬಟ್ಟೆ, ಇನ್ನೊಂದು ಪಶ್ಚಿಮ. ನೋಡಿದಿರಾ, ಬರವಣಿಗೆಯಲ್ಲೂ ನನಗೆ ಬೇರೆ ಮಾಡಿ ತೋರಿಸಲು ಆಗುತ್ತಿಲ್ಲ.

*ಟೀನ್ ಮತ್ತು ಟಿ.* 15 ಮತ್ತು 50, 13 ಮತ್ತು 30. ಹದಿನೈದರಲ್ಲಿ "ಟೀನ್" ಉದ್ದ ಎಳೆಯುತ್ತಾರೆ, ಒತ್ತೂ ಅಲ್ಲೇ. ಐವತ್ತರಲ್ಲಿ "ಫಿಫ್" ಮೇಲೆ ಒತ್ತು, ಕೊನೆಯದು ಹಗುರ. ನನಗೆ ಇದು ಗೊತ್ತಿಲ್ಲದ ಕಾಲದಲ್ಲಿ ಹಲ್ಲಿನ ಡಾಕ್ಟರ ಹತ್ತಿರ 2:50ಕ್ಕೆ ಅಂತ ಹೋಗಿದ್ದೆ, ಅವರು ಹೇಳಿದ್ದು 2:15. ಸಂಶಯ ಬಂದರೆ "ವನ್ ಫೈವ್ ಆರ್ ಫೈವ್ ಝೀರೋ?" ಅಂತ ಕೇಳಿ.

*ಫೋನಿನಲ್ಲಿ ಅಕ್ಷರ, ಅಂಕಿ.* ಹೆಸರಿನ ಸ್ಪೆಲಿಂಗ್ ಹೇಳುವಾಗ ನಮ್ಮ "ಹೆಚ್" ಇಲ್ಲಿ "ಏಚ್", "ಜೆಡ್" ಇಲ್ಲಿ "ಝೀ". ಎಂ ಮತ್ತು ಎನ್, ಬಿ ಮತ್ತು ವಿ ಫೋನಿನಲ್ಲಿ ಕಲಸಿಹೋಗುತ್ತವೆ, "ಎಂ ಆ್ಯಸ್ ಇನ್ ಮೇರಿ" ಅಂತ ಪದ ಸೇರಿಸಿ. ಫೋನ್ ನಂಬರಿನಲ್ಲಿ "ಡಬಲ್ ಫೈವ್" ಬೇಡ, "ಫೈವ್ ಫೈವ್" ಅನ್ನಿ. 408, 510 ಇಂಥ ಏರಿಯಾ ಕೋಡ್ ಮೊದಲು, ಆಮೇಲೆ ಮೂರು, ಆಮೇಲೆ ನಾಲ್ಕು ಅಂಕಿ. ನಾವು ಐದೈದಾಗಿ ಒಡೆದು ಹೇಳಿದರೆ ಬರೆದುಕೊಳ್ಳುವವರ ಕೈ ನಿಂತುಹೋಗುತ್ತದೆ.

*ಮರ್ಯಾದೆ ಎಲ್ಲಿರುತ್ತದೆ.* ಉಚ್ಚಾರಣೆಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. "ಒಂದು ಕಾಫಿ ಕೊಡಿ" ಅನ್ನುವಾಗ ನಮ್ಮ ಮರ್ಯಾದೆ ಎಲ್ಲ "ಕೊಡಿ"ಯ ಆ "ಇ"ಯಲ್ಲಿ ಇದೆ. ಅದನ್ನೇ ಇಂಗ್ಲಿಷಿಗೆ ತಂದು "ಗಿವ್ ಮಿ ವನ್ ಕಾಫಿ" ಅಂದರೆ ಆ "ಇ" ದಾರಿಯಲ್ಲೇ ಉದುರಿಹೋಗಿರುತ್ತದೆ. ಕೇಳುವವರಿಗೆ ಉಳಿಯುವುದು "ಕೊಡು" ಮಾತ್ರ. ನಾವು ಒರಟರಲ್ಲ, ಆದರೆ ಒರಟಾಗಿ ಕೇಳಿಸುತ್ತೇವೆ. ಇಂಗ್ಲಿಷಿನಲ್ಲಿ ಮರ್ಯಾದೆ ವಾಕ್ಯದ ಮುಂಭಾಗದಲ್ಲಿ ಕೂರುತ್ತದೆ: "ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?" "ಕುಡ್ ಯು ಸ್ಪೀಕ್ ಎ ಲಿಟಲ್ ಸ್ಲೋವರ್?" "ವುಡ್ ಯು ಮೈಂಡ್ ಕ್ಲೋಸಿಂಗ್ ದಿ ಡೋರ್?" ಅನ್ನುವುದೂ ಇದೆ, ಅದರಲ್ಲೊಂದು ಹೊಂಡ ಇದೆ. "ಬಾಗಿಲು ಹಾಕಲು ನಿಮಗೇನಾದರೂ ತೊಂದರೆ ಇದೆಯಾ" ಅಂತ ಅದರ ಅರ್ಥ. ಒಪ್ಪಿಗೆ ಇದ್ದರೆ "ನೋ" ಅನ್ನಬೇಕು.

ಅದೇ ಜಾತಿಯ ಇನ್ನೊಂದು: "ಡೋಂಟ್ ಯು ವಾಂಟ್ ಟೀ?" ಅಂತ ಕೇಳುತ್ತಾರೆ. ನಾವು "ಹೂಂ, ಬೇಡ" ಅನ್ನುವ ಜನ, "ಯೆಸ್" ಅಂದುಬಿಡುತ್ತೇವೆ. ಟೀ ಬಂದೇಬಿಡುತ್ತದೆ. ಪ್ರಶ್ನೆ ಹೇಗೇ ಇರಲಿ, ಬೇಡ ಅಂದರೆ "ನೋ, ಥ್ಯಾಂಕ್ಸ್", ಬೇಕು ಅಂದರೆ "ಯೆಸ್, ಪ್ಲೀಸ್".

ವ್ಯಾಕರಣದಲ್ಲಿ ಒಂದೇ ಮಾತು. "ಅವರು ಡಾಕ್ಟರ್" ಕನ್ನಡದಲ್ಲಿ ಪೂರ್ತಿ ವಾಕ್ಯ. ಇಂಗ್ಲಿಷಿನಲ್ಲಿ "ಹಿ ಈಸ್ ಎ ಡಾಕ್ಟರ್". ಆ "ಈಸ್" ಮತ್ತು "ಎ" ನಮ್ಮಲ್ಲಿ ಇಲ್ಲದ ಸಾಮಾನು, ಹಾಗಾಗಿ ಬಿದ್ದುಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ. ಬಿಟ್ಟುಹೋದರೂ ಅರ್ಥವಾಗುತ್ತದೆ, ಅದಕ್ಕಾಗಿ ಮಾತು ನಿಲ್ಲಿಸಬೇಡಿ. ಬರೆಯುವಾಗ ಸರಿ ಮಾಡಿಕೊಳ್ಳಿ.

7. ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ

ಜಾಸ್ತಿ ಬೇಡ. ಎರಡು ಗಂಟೆ ಅಂತ ಹಟ ತೊಟ್ಟವರು ವಾರದಲ್ಲಿ ಬಿಡುತ್ತಾರೆ.

ಹತ್ತು ನಿಮಿಷ ಒಂದೇ ಆಡಿಯೋ. ಕ್ಲಾಸಿನ ಪುಸ್ತಕದ ಜೊತೆ ಬರುವ ಆಡಿಯೋ ಆದರೆ ಒಳ್ಳೆಯದು. ಮೊದಲು ನೋಡದೆ ಕೇಳಿ. ಆಮೇಲೆ ಪುಟ ನೋಡುತ್ತ ಕೇಳಿ. ಮೂರನೇ ಸಲ ಅವರ ಜೊತೆಯಲ್ಲೇ, ಅವರದೇ ವೇಗದಲ್ಲಿ ಹೇಳಿ. ಸಿನಿಮಾ ನೋಡುವುದಾದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡುವುದೂ ಓದುವುದೇ ಆಯಿತು. ನಮ್ಮ ಕಣ್ಣು ಕಳ್ಳ, ಕಿವಿಗೆ ಕೆಲಸ ಕೊಡುವುದಿಲ್ಲ. ಒಂದು ದೃಶ್ಯವನ್ನಾದರೂ ಸಬ್‌ಟೈಟಲ್ ಮುಚ್ಚಿ ನೋಡಿ.

ಉಳಿದ ಹತ್ತು ನಿಮಿಷ ನಿಮ್ಮ ದನಿ. ಇವತ್ತು ಏನು ಅಡುಗೆ ಮಾಡಿದಿರಿ ಅಂತ ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಮೊದಲ ವಾರ ಕೇಳಲು ಆಗುವುದಿಲ್ಲ, ಅಷ್ಟು ಮುಜುಗರ. ಒಗ್ಗರಣೆಗೆ ಇಂಗ್ಲಿಷ್ ಪದ ಹುಡುಕುತ್ತ ಕೂರಬೇಡಿ. "ಹೀಟ್ ದಿ ಆಯಿಲ್, ಆ್ಯಡ್ ಮಸ್ಟರ್ಡ್ ಸೀಡ್ಸ್" ಅಂತ ಮಾಡುವುದನ್ನೇ ಹೇಳಿ.

ಮಕ್ಕಳನ್ನು ಟೀಚರ್ ಮಾಡಿಕೊಳ್ಳಬೇಡಿ ಅಂತ ನನ್ನ ಸಲಹೆ. ಇಲ್ಲಿ ಬೆಳೆದ ಮಕ್ಕಳು ಅಮ್ಮನ ಉಚ್ಚಾರಣೆಗೆ ನಗುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಆದರೆ ಆ ನಗುವಿಗೆ ಬಾಯಿ ಮುಚ್ಚಿದವರು ಬಹಳ. ಮನೆಯಲ್ಲಿ ಕನ್ನಡ ಮಾತಾಡಿ, ಅವರಿಗೂ ಅದು ಬೇಕು. ಇಂಗ್ಲಿಷನ್ನು ಹೊರಗೆ, ಅಪರಿಚಿತರ ಮೇಲೆ ಪ್ರಯೋಗಿಸಿ. ಅಂಗಡಿಯಲ್ಲಿ ಸಾಮಾನು ಎಲ್ಲಿದೆ ಅಂತ ಗೊತ್ತಿದ್ದರೂ ಕೇಳಿ.

8. ಮತ್ತೆ ಪರೀಕ್ಷೆ, ಮುಂದಿನ ಕ್ಲಾಸು

ಸುಮಾರು 70ರಿಂದ 100 ಗಂಟೆ ಪಾಠ ಆದ ಮೇಲೆ ಅದೇ ಕ್ಯಾಸಾಸನ್ನು ಬೇರೆ ಪ್ರಶ್ನೆಗಳೊಂದಿಗೆ ಮತ್ತೆ ಕೊಡುತ್ತಾರೆ. ಆವತ್ತು ತಪ್ಪಿಸಬೇಡಿ. ಅಂಕ ಏರಿದರೆ ಮೇಲಿನ ಕ್ಲಾಸು. ಏರದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ಸೆಮಿಸ್ಟರ್, ಅದರಲ್ಲಿ ಅವಮಾನ ಏನಿಲ್ಲ. ನಾನು ಹೈ ಬಿಗಿನಿಂಗ್‌ನಲ್ಲಿ ಎರಡು ಸಲ ಕೂತೆ. ಎರಡನೇ ಸಲವೇ ಬಾಯಿ ಬಿಟ್ಟದ್ದು.

ಗ್ರೀನ್ ಕಾರ್ಡ್ ಇರುವ ತಂದೆತಾಯಿ ಸಿಟಿಜನ್‌ಶಿಪ್‌ಗಾಗಿ ಬಂದಿದ್ದರೆ ಅದಕ್ಕೆ ಬೇರೆ ಕ್ಲಾಸು ಇರುತ್ತದೆ, ಇಎಸ್‌ಎಲ್ ಟೀಚರನ್ನು ಕೇಳಿ. ಹಳೆಯ ನೋಟ್ಸ್ ತಂದುಕೊಡುವ ನೆಂಟರನ್ನು ನಂಬಬೇಡಿ. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಪೌರನೀತಿಯ ಪರೀಕ್ಷೆಯಲ್ಲಿ, ಅಂದರೆ ದೇಶದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪರೀಕ್ಷೆಯಲ್ಲಿ, ನೂರು ಪ್ರಶ್ನೆಗಳ ಹಳೆಯ ಪಟ್ಟಿ ಅಲ್ಲ, 128 ಪ್ರಶ್ನೆಗಳದು. ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. ವಯಸ್ಸು 50 ದಾಟಿ ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿದ್ದರೆ, ಅಥವಾ 55 ದಾಟಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಆಗ ಪೌರನೀತಿಯ ಪ್ರಶ್ನೆಗಳಿಗೆ ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಉತ್ತರಿಸಬಹುದು.

ಡಿಸೆಂಬರಿನಲ್ಲಿ ಊರಿಗೆ ಹೋಗುವವರಿಗೆ ಕೊನೆಯದಾಗಿ ಒಂದು ಮಾತು. ಟಿಕೆಟ್ ಬುಕ್ ಆದ ದಿನವೇ ಟೀಚರಿಗೂ ಆಫೀಸಿಗೂ ಹೊರಡುವ, ಬರುವ ತಾರೀಖು ಬರೆದುಕೊಡಿ. ಹೊರಡುವ ಮುಂಚೆ ಪರೀಕ್ಷೆ ಮುಗಿಸಿಕೊಡಲು ಆಗುತ್ತದಾ ಕೇಳಿ. ಹೇಳದೆ ಹೋದರೆ ಹೆಸರು ಪಟ್ಟಿಯಿಂದ ಹೋಗಿರುತ್ತದೆ. ಜನವರಿಯ ನೋಂದಣಿ ನೀವು ಊರಿನಲ್ಲಿ ಇರುವಾಗಲೇ ಶುರುವಾಗುತ್ತದೆ, ಬಹಳ ಕಡೆ ಆನ್‌ಲೈನ್‌ನಲ್ಲೇ ಮಾಡಬಹುದು. ಲಿಂಕು ಮತ್ತು ನಿಮ್ಮ ವಿದ್ಯಾರ್ಥಿ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡು ಹೊರಡಿ. ಇಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನೋಂದಣಿ ತೆರೆದರೆ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಕೂತು ಮಾಡುವ ಹೊತ್ತು.